ರಾಯಚೂರು ಸೀಮೆಯ ಪ್ರೌಢಶಿಕ್ಷಣವೂ ಅದರ ಅಂತಿಮ ಪರೀಕ್ಷೆಯೂ

ಮಾನವಿ ಸೀಮೆಯ ಚೀಕಲಪರ್ವಿಯು ತುಂಗಭದ್ರೆಯ ಎಡದಂಡೆಯ ಪ್ರಾಂತದಲ್ಲಿರುವ ಒಂದು ಗ್ರಾಮ. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಇದಕ್ಕಿರುವ ಪ್ರಸಿದ್ಧಿಯು ೧೬೮೨ರಲ್ಲಿ ಇಲ್ಲಿ ಜನಿಸಿದ ವಿಜಯದಾಸರಿಂದ ಬಂದುದು. ಅವರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ಸೀಮೆಯ ಮೊಸರಕಲ್ಲಿನವರು. ಹರಿಕಥಾಮೃತಸಾರದ ಕರ್ತೃಗಳಾದ ಜಗನ್ನಾಥದಾಸರು ಮಾನವಿ ಸೀಮೆಯ ಬ್ಯಾಗವಾಟದವರು. ವೇದಾಂತದ ಗಹನವಾದ ಅರ್ಥವನ್ನು ಸುಳಾದಿಯಲ್ಲಿಯೂ ಷಟ್ಪದಿಯಲ್ಲಿಯೂ ಕನ್ನಡದಲ್ಲಿಯೇ ಹೇಳಬಹುದೆಂದು ೧೮ನೆಯ ಶತಮಾನದಲ್ಲಿ ತೋರಿಸಿಕೊಟ್ಟ ಸೀಮೆಯಿದು. ಇಂತಹ ಸೀಮೆಯಲ್ಲಿಯೇ, ಮುಂದೆ ಬಹುಕಾಲದವರೆಗೆ, ಕನ್ನಡದ ಬಾಲಕನು ಕನ್ನಡದಲ್ಲಿ ಓದಿ ಪ್ರೌಢಶಾಲೆಯ ಪರೀಕ್ಷೆಯನ್ನು ಮುಗಿಸುವುದು ಅಸಾಧ್ಯವಾಗಿದ್ದಿತು. ಈ ವೈಷಮ್ಯವು ಹೇಗೆ ಉಂಟಾಯಿತು, ಎಷ್ಟರ ಮಟ್ಟಿಗೆ ನಿವಾರಣೆಯಾಯಿತು, ಏನು ಉಳಿದಿದೆ ಎಂಬುದೇ ಪ್ರಕೃತ ವಿಷಯ.

ಹಿಂದಿನ ಗ್ರಾಮಶಾಲೆಗಳಲ್ಲಿ, ಎಂದರೆ ಐಗಳ ಮಠಗಳಲ್ಲಿ, ಅಂತಿಮ ಪರೀಕ್ಷೆಯೆಂಬುದೇ ಇರಲಿಲ್ಲ. ಮರಳಿನ ಮೇಲೆ ಅಕ್ಷರ ತಿದ್ದುವುದು, ಮಗ್ಗಿ, ಬಾಯಿಲೆಕ್ಕ, ಪತ್ರ ಬರೆಯುವ ಕ್ರಮ, ಕೆಲವು ಪದ್ಯಗಳ ಕಂಠಪಾಠ, ಇಷ್ಟಾದರೆ ವಿದ್ಯಾಭ್ಯಾಸವು ಮುಗಿದಂತೆ. ವಿದ್ಯಾರ್ಥಿಯು ಯೋಗ್ಯನಾದನೆಂಬುದಕ್ಕೆ ಸಾಕ್ಷಿ ಊರೇ ಹೊರತು ಪತ್ರವಲ್ಲ. ಆ ಶಿಕ್ಷಣವು ಎಲ್ಲ ಜಾತಿಯವರಿಗೂ, ಹೆಣ್ಣುಮಕ್ಕಳಿಗೂ ದೊರೆಯುತ್ತಿರಲಿಲ್ಲವೆಂಬ ದೊಡ್ಡ ಕುಂದು ಅದಕ್ಕಿದ್ದಿತು. ಪ್ರಮಾಣಪತ್ರದ ಅವಶ್ಯಕತೆಯು ಸರ್ಕಾರಿ ಕಚೇರಿಗಳೊಡನೆ ಬಂದುದು. ಪತ್ರವನ್ನು ಕೊಡುವವರು ಯಾರೋ ಅವರ ಭಾಷೆಯೇ ಶಾಲೆಯ ಭಾಷೆಯೂ ಆಯಿತು.

ರಾಯಚೂರು ದೋಆಬು ೧೮೫೩ರ ಒಪ್ಪಂದದಂತೆ ಇಂಗ್ಲಿಷರ ವಶಕ್ಕೆ ಹೋಗಿ, ೧೮೬೦ರಲ್ಲಿ ನಿಜಾಮರಿಗೆ ಮರಳಿತು. ೧೯ನೆಯ ಶತಮಾನದ ಉತ್ತರಾರ್ಧದಲ್ಲಿ ಹೈದರಾಬಾದು ಸಂಸ್ಥಾನದ ಆಡಳಿತಭಾಷೆಯು ಪಾರಸಿಯಿಂದ ಉರ್ದುವಿಗೆ ತಿರುಗಿತು. ಉಚ್ಚಶಿಕ್ಷಣಕ್ಕೆ ಮಾತ್ರ ಇಂಗ್ಲಿಷೇ ದಾರಿಯಾಗಿದ್ದು, ೧೮೮೭ರಲ್ಲಿ ಸ್ಥಾಪಿತವಾದ ನಿಜಾಮ ಕಾಲೇಜು ಮದರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದಿತು. ೧೯೧೭ರ ಫರ್ಮಾನಿನಂತೆ ೧೯೧೮ರಲ್ಲಿ ಉಸ್ಮಾನಿಯ ವಿಶ್ವವಿದ್ಯಾನಿಲಯವು ಏರ್ಪಟ್ಟಿತು. ದೇಶಭಾಷೆಯೊಂದರಲ್ಲಿ ವಿಜ್ಞಾನ, ವೈದ್ಯ, ನ್ಯಾಯಶಾಸ್ತ್ರಗಳನ್ನು ಬೋಧಿಸಬಹುದೆಂಬುದನ್ನು ಅದು ಸಿದ್ಧಪಡಿಸಿತು. ಅದಕ್ಕಾಗಿ ನಡೆದ ಭಾಷಾಂತರಕಾರ್ಯವು ಶ್ಲಾಘ್ಯವಾದುದು. ಆದರೆ ಆ ದೇಶಭಾಷೆಯು ಉರ್ದು. ಸಂಸ್ಥಾನದ ಪ್ರಜೆಗಳಲ್ಲಿ ಬಹುಸಂಖ್ಯಾತರ ಮನೆಮಾತು ತೆಲುಗು, ಮರಾಠಿ, ಕನ್ನಡಗಳಾಗಿದ್ದುವು. ಮಾತೃಭಾಷೆಯ ಬೋಧನೆಯೆಂಬ ತತ್ತ್ವವನ್ನು ಎತ್ತಿಹಿಡಿದ ವ್ಯವಸ್ಥೆಯೇ ಈ ಬಹುಸಂಖ್ಯಾತರ ಮಾತೃಭಾಷೆಗಳನ್ನು ಪ್ರಾಥಮಿಕ ತರಗತಿಗಳಿಗೆ ಸೀಮಿತಗೊಳಿಸಿತು.

ಇದರ ಪರಿಣಾಮವು ಗ್ರಾಮದ ಬಾಲಕನ ಮೇಲೆ ಹೇಗಾಯಿತೆಂಬುದನ್ನು ಊಹಿಸುವುದು ಕಠಿನವಲ್ಲ. ಮೊದಲ ಕೆಲವು ವರ್ಷ ಕನ್ನಡದಲ್ಲಿ ಓದಿದ ಅವನು ಮೇಲಿನ ತರಗತಿಗೆ ಹೋದೊಡನೆ ಗಣಿತವನ್ನೂ ಚರಿತ್ರೆಯನ್ನೂ ಉರ್ದುವಿನಲ್ಲಿ ಕಲಿಯಬೇಕು. ಇಂಗ್ಲಿಷನ್ನು ಕಡ್ಡಾಯವಾಗಿ ಅಭ್ಯಸಿಸಬೇಕು. ಆದುದರಿಂದ ಪರೀಕ್ಷೆಯು ವಿಷಯಜ್ಞಾನವನ್ನು ಅಳೆಯುವುದಕ್ಕಿಂತ ಮೊದಲು ಭಾಷೆಯನ್ನು ಅಳೆಯುತ್ತಿದ್ದಿತು. ತಾಲ್ಲೂಕಿನ ಕಸಬೆಯಲ್ಲಿ ನೆಂಟರ ಮನೆಯಾಗಲಿ ಊಟದ ಅನುಕೂಲವಾಗಲಿ ಇಲ್ಲದವನಿಗೆ ಆ ತೊಡಕಿನವರೆಗೆ ಹೋಗುವ ಅವಕಾಶವೇ ಇರಲಿಲ್ಲ. ಖಾಸಗಿ ಪ್ರಯತ್ನಗಳು ನಡೆಯದೆ ಇರಲಿಲ್ಲ. ಕಲಬುರ್ಗಿಯ ನೂತನ ವಿದ್ಯಾಲಯವು ೧೯೦೭ರಲ್ಲಿ ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ಆದರೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ಖಾನಗಿ ಶಾಲೆಗಳನ್ನು ತೆರೆಯಬಾರದೆಂಬ ನಿರ್ಬಂಧವು ಇಂತಹ ಪ್ರಯತ್ನಗಳು ಹಳ್ಳಿಗಳಿಗೆ ಹರಡುವುದನ್ನು ತಡೆಯಿತು. ೧೯೨೮ರಲ್ಲಿ ಕಲಬುರ್ಗಿಯಲ್ಲಿಯೂ, ೧೯೩೪ರಲ್ಲಿ ಪಂಜೆ ಮಂಗೇಶರಾಯರ ಅಧ್ಯಕ್ಷತೆಯಲ್ಲಿ ರಾಯಚೂರಿನಲ್ಲಿಯೂ ಸಾಹಿತ್ಯ ಸಮ್ಮೇಳನಗಳು ಕೂಡಿದುದು ಈ ಹಿನ್ನೆಲೆಯಲ್ಲಿ ವಿಶೇಷವಾದ ಅರ್ಥವನ್ನು ಪಡೆಯುತ್ತದೆ. ಶಾಲೆಯೊಳಗೆ ಮೇಲೇರಲಾರದ ಭಾಷೆಯು ಸಭೆಯಲ್ಲಿ ತನ್ನ ಸ್ಥಾನವನ್ನು ತೋರಿಸಿಕೊಂಡಿತು.

೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ವಿಲೀನವಾಯಿತು. ಅನಂತರ ಪ್ರೌಢಶಾಲೆಗಳಲ್ಲಿ ಪ್ರಾಂತಭಾಷೆಗಳಿಗೆ ಬೋಧನಭಾಷೆಯ ಸ್ಥಾನವು ದೊರೆಯತೊಡಗಿತು. ೧೯೫೬ರ ನವೆಂಬರ್ ೧ರಂದು ರಾಯಚೂರು ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿತು. ಹಳೆಯ ಮೈಸೂರು, ಮುಂಬಯಿ, ಹೈದರಾಬಾದು, ಮದರಾಸು, ಕೊಡಗು ಎಂಬ ಐದು ಆಡಳಿತಗಳಲ್ಲಿ ಬೆಳೆದು ಬಂದ ಪಾಠಕ್ರಮಗಳನ್ನು ಒಂದುಗೂಡಿಸುವ ಭಾರವು ಹೊಸ ರಾಜ್ಯದ ಮೇಲೆ ಬಿದ್ದಿತು. ೧೯೬೬ರ ಶಾಸನದಿಂದ ಪ್ರೌಢಶಿಕ್ಷಣ ಪರೀಕ್ಷಾ ಮಂಡಲಿಯು ಏರ್ಪಟ್ಟು, ಎಸ್.ಎಸ್.ಎಲ್.ಸಿ. ಪರೀಕ್ಷೆಯು ಅದರ ಅಧೀನಕ್ಕೆ ಬಂದಿತು. ಮಾನವಿಯ ವಿದ್ಯಾರ್ಥಿಯೂ ಮೈಸೂರಿನ ವಿದ್ಯಾರ್ಥಿಯೂ ಒಂದೇ ಪ್ರಶ್ನಪತ್ರಿಕೆಗೆ ಉತ್ತರ ಬರೆಯುವ ಕಾಲವು ಹೀಗೆ ಬಂದಿತು. ಪರೀಕ್ಷೆಯು ಸಮಾನವಾಯಿತು; ಅದಕ್ಕೆ ಸಿದ್ಧಪಡಿಸುವ ಶಾಲೆಗಳು ಸಮಾನವಾಗಲಿಲ್ಲ. ಮುಂದಿನ ಚರಿತ್ರೆಯೆಲ್ಲವೂ ಈ ಎರಡು ವಾಕ್ಯಗಳ ನಡುವಣ ಅಂತರದ ಚರಿತ್ರೆಯೇ.

ಭಾಷೆಗಳ ಸ್ಥಾನವು ೧೯೮೦ರ ದಶಕದಲ್ಲಿ ಪುನಃ ಚರ್ಚೆಗೆ ಬಂದಿತು. ವಿ. ಕೃ. ಗೋಕಾಕರ ಸಮಿತಿಯು ೧೯೮೧ರಲ್ಲಿ ತನ್ನ ವರದಿಯನ್ನೊಪ್ಪಿಸಿ, ಪ್ರೌಢಶಾಲೆಯಲ್ಲಿ ಕನ್ನಡವೊಂದೇ ೧೫೦ ಅಂಕಗಳ ಪ್ರಥಮ ಭಾಷೆಯಾಗಿರತಕ್ಕದ್ದೆಂದೂ ಉಳಿದೆರಡು ಭಾಷೆಗಳಿಗೆ ತಲಾ ೧೦೦ ಅಂಕಗಳಿರಬೇಕೆಂದೂ ಸೂಚಿಸಿತು. ೧೯೮೨ರ ಚಳವಳಿಯು ಇದನ್ನು ಮನೆಮನೆಯ ಮಾತನ್ನಾಗಿ ಮಾಡಿತು. ಕನ್ನಡವನ್ನು ಏಕೈಕ ಪ್ರಥಮ ಭಾಷೆಯಾಗಿ ವಿಧಿಸಿದ ಆಜ್ಞೆಯು ೧೯೮೯ರಲ್ಲಿ ಉಚ್ಚನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕೊನೆಗೆ ಸ್ಥಿರಪಟ್ಟ ಕ್ರಮದಲ್ಲಿ ವಿದ್ಯಾರ್ಥಿಯು ಆರಿಸಿಕೊಂಡ ಪ್ರಥಮ ಭಾಷೆಗೆ ೧೨೫, ದ್ವಿತೀಯ ತೃತೀಯ ಭಾಷೆಗಳಿಗೆ ತಲಾ ೧೦೦, ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳಿಗೆ ತಲಾ ೧೦೦, ಒಟ್ಟು ೬೨೫ ಅಂಕಗಳು ನಿರ್ಣಯವಾದುವು. ಇದರಲ್ಲಿ ಭಾಷೆಗಳ ಪಾಲು ೩೨೫. ಎಂದರೆ ಅರ್ಧಕ್ಕಿಂತ ಹೆಚ್ಚು. ಕನ್ನಡ, ತೆಲುಗು, ಉರ್ದುಗಳು ಬೆರೆತ ಈ ಗಡಿಸೀಮೆಯ ಮಗುವಿಗೆ ಸಂತೆಯಲ್ಲಿ ಮೂರು ಭಾಷೆಗಳು ಸಹಜವಾಗಿ ಬರಬಹುದು. ಆದರೆ ಪರೀಕ್ಷೆಯು ಸಾಮಾನ್ಯವಾಗಿ ಕೇಳುತ್ತಿದ್ದ ಮೂರು ಕನ್ನಡ, ಇಂಗ್ಲಿಷು, ಹಿಂದಿಗಳು. ಅವುಗಳಲ್ಲಿ ಎರಡು ಶಾಲೆಯ ಹೊರಗೆ ಅದರ ಕಿವಿಗೆ ಬೀಳುವುದು ಅಪೂರ್ವ. ಸುಖದೇವ ಥೋರಾಟರ ಅಧ್ಯಕ್ಷತೆಯ ರಾಜ್ಯ ಶಿಕ್ಷಣನೀತಿ ಆಯೋಗವು ೨೦೨೫ರಲ್ಲಿ ದ್ವಿಭಾಷಾಸೂತ್ರವನ್ನು ಶಿಫಾರಸು ಮಾಡಿದುದನ್ನು ಈ ದೃಷ್ಟಿಯಿಂದಲೂ ನೋಡಬಹುದು.

ಉತ್ತೀರ್ಣತೆಯ ಗೆರೆಯು ಬಹುಕಾಲ ಶೇಕಡ ೩೫ ಆಗಿದ್ದಿತು. ಮುಂದೆ ಲಿಖಿತ ಪರೀಕ್ಷೆಗೆ ೮೦, ಶಾಲೆಯಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ೨೦ ಎಂಬ ವಿಭಾಗವು ಬಂದಿತು. ಪ್ರಥಮ ಭಾಷೆಗೆ ಇದು ೧೦೦ ಮತ್ತು ೨೫. ಈ ಗೆರೆಯು ಎಷ್ಟು ಅಸ್ಥಿರವೆಂಬುದು ೨೦೨೪ರಲ್ಲಿ ಬಯಲಾಯಿತು. ಆ ವರ್ಷ ಪರೀಕ್ಷಾಕೊಠಡಿಗಳ ಮೇಲೆ ಕ್ಯಾಮರಾಗಳ ಮೂಲಕ ನೇರವಾದ ಕಾವಲು ಇಡಲಾಯಿತು. ಕೃಪಾಂಕಗಳನ್ನು ಹೆಚ್ಚಿಸಿದ ಮೇಲೆಯೂ ರಾಜ್ಯದ ಫಲಿತಾಂಶವು ಹಿಂದಿನ ವರ್ಷದ ಶೇಕಡ ೮೩.೮೯ರಿಂದ ೭೩.೪೦ಕ್ಕೆ ಇಳಿಯಿತು. ಅದೇ ವರ್ಷದಿಂದ ಮೂರು ಬಾರಿ ಪರೀಕ್ಷೆ ಬರೆಯುವ ಅವಕಾಶವು ಏರ್ಪಟ್ಟಿತು. ೨೦೨೫ರ ಅಕ್ಟೋಬರಿನಲ್ಲಿ ಸರ್ಕಾರವು ಉತ್ತೀರ್ಣತೆಯ ಗೆರೆಯನ್ನು ಶೇಕಡ ೩೩ಕ್ಕೆ ಇಳಿಸುವುದಾಗಿ ಪ್ರಕಟಿಸಿತು. ಗೆರೆಯನ್ನು ಇಳಿಸುವುದರಿಂದ ತೇರ್ಗಡೆಯಾದವರ ಸಂಖ್ಯೆಯು ಏರುವುದು ನಿಶ್ಚಯ. ಕಲಿತವರ ಸಂಖ್ಯೆಯು ಏರುವುದೆಂಬುದು ನಿಶ್ಚಯವಲ್ಲ. ಆದರೂ, ಅಧ್ಯಾಪಕನಿಲ್ಲದ ವಿಷಯದಲ್ಲಿ ಎರಡು ಅಂಕಗಳ ಕೊರತೆಯಿಂದ ಬಾಲಿಕೆಯೊಬ್ಬಳ ವಿದ್ಯಾಭ್ಯಾಸವು ನಿಂತುಹೋಗುವುದು ನ್ಯಾಯವೇ ಎಂಬ ಪ್ರಶ್ನೆಯನ್ನೂ ತಳ್ಳಿಹಾಕಲಾಗದು.

ಶಾಲೆಗಳ ಅಸಮಾನತೆಗೆ ಸಾಕ್ಷ್ಯವು ವಿಪುಲವಾಗಿದೆ. ೨೦೦೨ರಲ್ಲಿ ವರದಿಯನ್ನೊಪ್ಪಿಸಿದ ಡಿ. ಎಂ. ನಂಜುಂಡಪ್ಪನವರ ಸಮಿತಿಯು ಅತ್ಯಂತ ಹಿಂದುಳಿದುವೆಂದು ಗುರುತಿಸಿದ ೩೯ ತಾಲ್ಲೂಕುಗಳಲ್ಲಿ ೨೧ ಕಲಬುರ್ಗಿ ವಿಭಾಗದವು. ದೇವದುರ್ಗ, ಮಾನವಿಗಳೆರಡೂ ಅವುಗಳಲ್ಲಿ ಸೇರಿದ್ದುವು. ೨೦೧೧ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆಯು ಶೇಕಡ ೭೫.೩೬ ಆಗಿದ್ದಾಗ ರಾಯಚೂರು ಜಿಲ್ಲೆಯದು ೫೯.೫೬. ನಿವಾರಣೋಪಾಯಗಳೂ ನಡೆದಿವೆ. ಅಕ್ಷರದಾಸೋಹವು ೨೦೦೨ರಲ್ಲಿ ಆರಂಭವಾದುದು ಈ ಜಿಲ್ಲೆಯನ್ನೊಳಗೊಂಡ ಈಶಾನ್ಯ ಭಾಗದಲ್ಲಿಯೇ. ಎಂಟನೆಯ ತರಗತಿಯ ವಿದ್ಯಾರ್ಥಿನಿಯರಿಗೆ ಬೈಸಿಕಲ್ಲು ಕೊಡುವ ಯೋಜನೆಯು ಅನಂತರ ಬಂದಿತು. ಸಂವಿಧಾನದ ೯೮ನೆಯ ತಿದ್ದುಪಡಿಯಿಂದ ಸೇರಿದ ೩೭೧-ಜೆ ವಿಧಿಯು ೨೦೧೩ರಿಂದ ಈ ಸೀಮೆಯವರಿಗೆ ಶಿಕ್ಷಣದಲ್ಲಿಯೂ ಉದ್ಯೋಗದಲ್ಲಿಯೂ ಮೀಸಲಾತಿಯನ್ನು ಕಲ್ಪಿಸಿತು. ಆದರೆ ಆ ವಿಧಿಯ ಫಲವು ದೊರೆಯಬೇಕಾದರೆ ಅನೇಕ ಸ್ಥಾನಗಳಿಗೆ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮೊದಲು ದಾಟಿರಬೇಕು. ಹತ್ತಿ ಬಿಡಿಸುವ ಕಾಲಕ್ಕೆ ಹೊಲಕ್ಕೆ ಹೋಗಿ, ಕುಟುಂಬದೊಡನೆ ದುಡಿಯಲು ಊರು ಬಿಟ್ಟು ತರಗತಿಯನ್ನು ಕಳೆದುಕೊಂಡ ಮಗುವಿಗೆ ಸಂವಿಧಾನದ ಬಾಗಿಲು ತೆರೆದಿದ್ದರೂ ಶಾಲೆಯ ಬಾಗಿಲಿನಲ್ಲಿಯೇ ದಾರಿ ನಿಲ್ಲುತ್ತದೆ.

ಮೇಲಣ ವಿವರಗಳಿಂದ ಒಂದು ಅಂಶವು ಸ್ಪಷ್ಟವಾಗುತ್ತದೆ. ಹೈದರಾಬಾದಿನ ಕಾಲದಲ್ಲಿ ಈ ಸೀಮೆಯ ವಿದ್ಯಾರ್ಥಿಗೆ ಅಡ್ಡ ಬಂದುದು ಪರೀಕ್ಷೆಯ ಭಾಷೆ. ಆ ಅಡ್ಡಿಯು ೧೯೪೮ರ ಅನಂತರ ಕ್ರಮವಾಗಿ ತೊಲಗಿತು. ಅದು ತೊಲಗಿದ ಮೇಲೆ ಕಂಡುಬಂದುದು ಪರೀಕ್ಷೆಗೂ ಶಾಲೆಗೂ ಇರುವ ಅಂತರ. ಮೊದಲನೆಯದನ್ನು ಆಜ್ಞೆಯಿಂದ ಸರಿಪಡಿಸಬಹುದಾಗಿದ್ದಿತು. ಎರಡನೆಯದಕ್ಕೆ ಅಧ್ಯಾಪಕರು, ಕೊಠಡಿಗಳು, ಹಾಜರಾತಿ ಇವುಗಳ ಹೊರತು ಬೇರೆ ಉಪಾಯವಿಲ್ಲ. ಅಂಕಗಳ ಗೆರೆಯನ್ನು ಮೇಲಕ್ಕೋ ಕೆಳಕ್ಕೋ ಸರಿಸುವುದು ಸರ್ಕಾರಕ್ಕೆ ಒಂದು ದಿನದ ಕಾರ್ಯ. ವಿಜಯದಾಸರ ಊರಿನ ಮಗುವು ಕನ್ನಡದಲ್ಲಿಯೇ ಗಣಿತವನ್ನು ಅರಿತು ಆ ಗೆರೆಯನ್ನು ತನ್ನ ಬಲದಿಂದ ದಾಟುವಂತೆ ಮಾಡುವುದು ಒಂದು ತಲೆಮಾರಿನ ಕಾರ್ಯ.