ನೆಲ ಬಿಟ್ಟ ಕಣ್ಣು: ಹಾರಾಟ ಮತ್ತು ಚಿತ್ರಕಲೆಯ ಚರಿತ್ರೆಯ ಒಂದು ಎಳೆ

ಹಾರಾಟ ಮತ್ತು ಗಗನಯಾನ ಕಲೆಯ ಮೇಲೆ ಬೀರಿದ ಪ್ರಭಾವವನ್ನು ಬರೆಯುವವರು ಸಾಮಾನ್ಯವಾಗಿ ವಿಮಾನ, ರಾಕೆಟ್ಟುಗಳು ಕಾಣಿಸಿಕೊಳ್ಳುವ ಕೃತಿಗಳನ್ನೇ ಹುಡುಕಿ ಪಟ್ಟಿ ಮಾಡುತ್ತಾರೆ. ನನ್ನ ದೃಷ್ಟಿಯಲ್ಲಿ ದೊಡ್ಡ ಬದಲಾವಣೆ ನಡೆದದ್ದು ಕಲಾವಿದ ನಿಂತು ನೋಡುವ ಜಾಗದಲ್ಲಿ. ಯುರೋಪಿನ ಭೂದೃಶ್ಯ ಚಿತ್ರಗಳು ಶತಮಾನಗಳ ಕಾಲ ದಿಗಂತರೇಖೆಯನ್ನು ನಂಬಿಕೊಂಡು ಬಂದವು. ಕೆಳಗೆ ನೆಲ, ಮೇಲೆ ಆಕಾಶ, ನಡುವೆ ಆ ಗೆರೆ. ಎತ್ತರಕ್ಕೇರಿ ನೇರ ಕೆಳಗೆ ನೋಡಿದವನಿಗೆ ಆ ಗೆರೆ ಸಿಗುವುದಿಲ್ಲ. ಇದನ್ನು ಊಹೆಯಲ್ಲಿ ಕಂಡವರು ಹಿಂದೆಯೂ ಇದ್ದರು. ಕಾಳಿದಾಸನ ಶಾಕುಂತಲದ ಏಳನೆಯ ಅಂಕದಲ್ಲಿ ರಥ ಆಕಾಶದಿಂದ ಇಳಿಯುವಾಗ ಮೇಲೇಳುವ ಬೆಟ್ಟಗಳಿಂದ ನೆಲವೇ ಜಾರಿ ಇಳಿದಂತೆ, ಎಲೆಗಳ ನಡುವಿಂದ ಮರಗಳ ಕಾಂಡ ಹೊರಬಂದಂತೆ ದುಷ್ಯಂತನಿಗೆ ತೋರುತ್ತದೆ. ವಿಮಾನ ಇಳಿಯುವಾಗ ಕಿಟಕಿಯ ಪಕ್ಕ ಕೂತವರಿಗೆ ಈ ವರ್ಣನೆ ಎಷ್ಟು ನಿಖರವೆಂಬುದು ಗೊತ್ತಾಗುತ್ತದೆ.

ಊಹೆ ಅನುಭವವಾದದ್ದು ಬಲೂನಿನಿಂದ. 1858ರಲ್ಲಿ ಪ್ಯಾರಿಸ್ಸಿನ ಛಾಯಾಗ್ರಾಹಕ ನಾದಾರ್ ನಗರದ ಹೊರವಲಯದಲ್ಲಿ ಹಗ್ಗ ಕಟ್ಟಿದ ಬಲೂನೇರಿ ಕ್ಯಾಮೆರಾ ಹಿಡಿದ. ಆಗಿನ ಪದ್ಧತಿಯಲ್ಲಿ ಗಾಜಿನ ಫಲಕಕ್ಕೆ ಕೊಲೋಡಿಯನ್ ಸವರಿ, ಅದು ಒಣಗುವ ಮೊದಲೇ ಚಿತ್ರ ತೆಗೆದು ಸಂಸ್ಕರಿಸಬೇಕಿತ್ತು. ಹಾಗಾಗಿ ಬುಟ್ಟಿಯೊಳಗೇ ಕತ್ತಲೆಕೋಣೆ! ಫಲಕಗಳು ಒಂದರ ಹಿಂದೊಂದು ಕಪ್ಪಾದವು. ಬಲೂನಿನಿಂದ ಹೊರಬೀಳುವ ಅನಿಲವೇ ರಾಸಾಯನಿಕವನ್ನು ಕೆಡಿಸುತ್ತಿದೆಯೆಂದು ಹೊಳೆದ ಮೇಲೆ ಕವಾಟ ಮುಚ್ಚಿ ಏರಿದ. ಮಸುಕಾಗಿ ಒಂದು ಚಿತ್ರ ಮೂಡಿತು. ಅದು ಇಂದು ಉಳಿದಿಲ್ಲ. ಉಳಿದಿರುವ ಅತ್ಯಂತ ಹಳೆಯ ವೈಮಾನಿಕ ಛಾಯಾಚಿತ್ರ 1860ರ ಅಕ್ಟೋಬರ್ 13ರಂದು ಜೇಮ್ಸ್ ವಾಲೇಸ್ ಬ್ಲ್ಯಾಕ್ ಬಾಸ್ಟನ್ ನಗರದ ಮೇಲಿಂದ ತೆಗೆದದ್ದು.

ಚಿತ್ರಕಾರರು ತಕ್ಷಣ ಈ ನೋಟಕ್ಕೆ ಒಗ್ಗಲಿಲ್ಲ. 1909ರ ಜುಲೈ 25ರಂದು ಲೂಯಿ ಬ್ಲೆರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ವಿಮಾನದಲ್ಲಿ ದಾಟಿದಾಗ ಪ್ಯಾರಿಸ್ ಹುಚ್ಚೆದ್ದು ಕುಣಿಯಿತು. ರೊಬೇರ್ ದೆಲೋನೆ 1914ರಲ್ಲಿ ಅವನ ಗೌರವಕ್ಕೆಂದೇ ಬರೆದ ದೊಡ್ಡ ಚಿತ್ರ ಈಗ ಬಾಸೆಲ್‌ನಲ್ಲಿದೆ. ತಿರುಗುವ ಬಣ್ಣದ ಚಕ್ರಗಳು, ಪ್ರೊಪೆಲ್ಲರ್, ಮೇಲುಭಾಗದಲ್ಲಿ ಐಫೆಲ್ ಗೋಪುರ ಮತ್ತು ವಿಮಾನ. ಚಿತ್ರ ಸೊಗಸಾಗಿದೆ, ಆದರೂ ಅದು ಕೆಳಗೆ ನಿಂತು ತಲೆ ಎತ್ತಿ ನೋಡಿದವನ ಸಂಭ್ರಮ.

ಕಣ್ಣನ್ನು ನಿಜವಾಗಿ ಮೇಲಕ್ಕೆ ಒಯ್ದವನು ರಷ್ಯಾದ ಕಾಜಿಮಿರ್ ಮಲೇವಿಚ್. ಹಾರುವ ವಿಮಾನದ ಹೆಸರು ಹೊತ್ತ ಅವನ 1915ರ ಚಿತ್ರದಲ್ಲಿ ವಿಮಾನವೇ ಕಾಣುವುದಿಲ್ಲ. ಬಿಳಿಯ ಮೇಲೆ ಓರೆಯಾಗಿ ತೇಲುವ ಹಳದಿ, ಕಪ್ಪು, ಕೆಂಪು, ನೀಲಿ ಚತುಷ್ಕೋನಗಳಿವೆ, ಅಷ್ಟೆ. 1927ರಲ್ಲಿ ಜರ್ಮನಿಯ ಕಲಾಶಾಲೆ ಬೌಹೌಸ್ ಪ್ರಕಟಿಸಿದ ತನ್ನ ಪುಸ್ತಕದಲ್ಲಿ ಅವನು ವೈಮಾನಿಕ ಛಾಯಾಚಿತ್ರಗಳನ್ನು ಸೇರಿಸಿ, ಸುಪ್ರಿಮ್ಯಾಟಿಸಂ ಎಂಬ ತನ್ನ ಅಮೂರ್ತ ಪಂಥದ ಕಲಾವಿದನನ್ನು ಪ್ರಚೋದಿಸುವ ಪರಿಸರ ಇದೆಂದು ತೋರಿಸಿದ. ಅವನ ಕೆಲವು ಚಿತ್ರಗಳನ್ನು ಬೇರೆ ಬೇರೆ ಪ್ರದರ್ಶನಗಳಲ್ಲಿ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ತೂಗುಹಾಕಿದ್ದೂ ಉಂಟು. ಮೇಲು, ಕೆಳಗು ಎಂಬ ಭೇದ ಆ ಕ್ಯಾನ್ವಾಸಿನಲ್ಲಿ ಕರಗಿಹೋಗಿತ್ತು.

ಇದೇ ನೋಟ ಇಟಲಿಯಲ್ಲಿ ಬೇರೆ ದಾರಿ ಹಿಡಿಯಿತು. 1929ರಲ್ಲಿ ಫ್ಯೂಚರಿಸ್ಟ್ ಪಂಥದ ಕವಿ ಮಾರಿನೆಟ್ಟಿ ಮತ್ತು ಸಂಗಡಿಗರು ವೈಮಾನಿಕ ಚಿತ್ರಕಲೆಯ ಪ್ರಣಾಳಿಕೆ ಹೊರಡಿಸಿದರು. ಚಲಿಸುವ ವಿಮಾನದಿಂದ ಕಾಣುವ ಲೋಕಕ್ಕೆ ಹಳೆಯ ಯಥಾದರ್ಶನದ ನಿಯಮ ಸಾಲದು ಎಂಬ ಅವರ ಮಾತು ಸರಿಯೇ. ತುಲ್ಲಿಯೊ ಕ್ರಾಲಿ 1939ರಲ್ಲಿ ಬರೆದ ಚಿತ್ರದಲ್ಲಿ ನಾವು ಪೈಲಟ್‌ನ ಬೆನ್ನ ಹಿಂದಿದ್ದೇವೆ. ವಿಮಾನ ಮೂತಿ ಕೆಳಗೆ ಮಾಡಿ ನಗರದೊಳಕ್ಕೆ ನುಗ್ಗುತ್ತಿದೆ, ಕಟ್ಟಡಗಳು ಎದುರೆದ್ದು ಬರುತ್ತಿವೆ. ತಂತ್ರದಲ್ಲಿ ಅದ್ಭುತ. ಆದರೆ ಆ ನಗರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಫ್ಯಾಸಿಸ್ಟ್ ಆಡಳಿತಕ್ಕೆ ಈ ಕಲೆ ಹಿತವಾದದ್ದು ಆಕಸ್ಮಿಕವಲ್ಲ ಎಂದೇ ನಾನು ತಿಳಿದಿದ್ದೇನೆ.

ಏಕೆಂದರೆ ಎರಡೇ ವರ್ಷ ಮೊದಲು, 1937ರ ಏಪ್ರಿಲ್ 26ರಂದು, ಜರ್ಮನಿ ಮತ್ತು ಇಟಲಿಯ ವಿಮಾನಗಳು ಸ್ಪೇನಿನ ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಸುರಿದಿದ್ದವು. ಪಿಕಾಸೊ ಅದನ್ನು ಸುಮಾರು 3.5 ಮೀಟರ್ ಎತ್ತರ, 7.8 ಮೀಟರ್ ಅಗಲದ ಕ್ಯಾನ್ವಾಸಿನಲ್ಲಿ ಬರೆದ. ಅಲ್ಲಿಯೂ ವಿಮಾನವಿಲ್ಲ. ಸತ್ತ ಮಗುವನ್ನೆತ್ತಿ ಮುಖ ಮೇಲೆ ಮಾಡಿದ ತಾಯಿ, ನರಳುವ ಕುದುರೆ, ಉರಿಯುವ ಮನೆ, ಮೇಲಕ್ಕೆ ಚಾಚಿದ ಕೈಗಳು. ಹಾರಾಟದ ಕಲೆಯ ಚರಿತ್ರೆಗಳಲ್ಲಿ ಈ ಚಿತ್ರಕ್ಕೆ ಜಾಗ ಸಿಗುವುದು ಅಪರೂಪ. ನನ್ನ ಮಟ್ಟಿಗೆ ಆ ಚರಿತ್ರೆಯ ಕೇಂದ್ರ ಕೃತಿ ಇದೇ. ಕ್ರಾಲಿ ಬಿಟ್ಟುಬಿಟ್ಟವರೆಲ್ಲ ಇಲ್ಲಿದ್ದಾರೆ.

ಮುಂದೆ ಕಣ್ಣು ವಿಮಾನಕ್ಕಿಂತಲೂ ಮೇಲೇರಿತು. ಬಾಹ್ಯಾಕಾಶದಲ್ಲಿ ಮೊದಲು ಚಿತ್ರ ಬರೆದವನು ಸೋವಿಯತ್ ಗಗನಯಾತ್ರಿ ಅಲೆಕ್ಸೆಯ್ ಲಿಯೊನೊವ್. ರೀಗಾದ ಕಲಾ ಅಕಾಡೆಮಿಯ ಓದು ಹಣದ ಅಡಚಣೆಯಿಂದ ಕೈಗೂಡದೆ ವಾಯುಪಡೆ ಸೇರಿದವನು. 1965ರ ಮಾರ್ಚ್ 18ರಂದು ವಸ್ಕೋದ್-2 ನೌಕೆಯಿಂದ ಹೊರಬಂದು 12 ನಿಮಿಷ ತೇಲಿದ ಮೊದಲ ಮನುಷ್ಯ ಅವನೇ. ನಿರ್ವಾತದಲ್ಲಿ ಉಡುಪು ಉಬ್ಬಿಕೊಂಡು ಒಳಗೆ ಬರಲಾಗದೆ, ಅದರ ಗಾಳಿಯನ್ನು ಸ್ವಲ್ಪ ಸ್ವಲ್ಪವೇ ಹೊರಬಿಟ್ಟು ಬದುಕಿಕೊಂಡ. ಅದೇ ಯಾನದಲ್ಲಿ ಕಕ್ಷೆಯಿಂದ ಕಂಡ ಸೂರ್ಯೋದಯವನ್ನು ಬಣ್ಣದ ಪೆನ್ಸಿಲ್ಲುಗಳಲ್ಲಿ ಬರೆದ. ತೂಕವಿಲ್ಲದ ನೌಕೆಯಲ್ಲಿ ಪೆನ್ಸಿಲ್ಲುಗಳು ತೇಲಿಹೋಗದಂತೆ ಪ್ರತಿಯೊಂದಕ್ಕೂ ದಾರ ಕಟ್ಟಲಾಗಿತ್ತು. ಆ ಪುಟ್ಟ ಚಿತ್ರದಲ್ಲಿ ದಿಗಂತ ಮತ್ತೆ ಬಂದಿದೆ, ಬಾಗಿದ ಬಣ್ಣದ ಪಟ್ಟಿಯಾಗಿ.

1968ರ ಡಿಸೆಂಬರ್ 24ರಂದು ಅಪೊಲೊ-8ರ ಬಿಲ್ ಆಂಡರ್ಸ್ ಚಂದ್ರನ ಆಚೆಯಿಂದ ಭೂಮಿ ಮೂಡುವುದನ್ನು ಕ್ಯಾಮೆರಾದಲ್ಲಿ ಸೆರೆಹಿಡಿದ. ಅವನು ಕಂಡಂತೆ ಚಂದ್ರನ ನೆಲ ಚೌಕಟ್ಟಿನ ಬಲಬದಿಯಲ್ಲಿ ಗೋಡೆಯಂತೆ ನಿಂತಿತ್ತು. ಅಚ್ಚಿನಲ್ಲಿ ಅದನ್ನು ತಿರುಗಿಸಿ ನೆಲವನ್ನು ಕೆಳಕ್ಕೆ, ಭೂಮಿಯನ್ನು ಮೇಲಕ್ಕೆ ಮಾಡಲಾಯಿತು. 1972ರ ಡಿಸೆಂಬರ್ 7ರಂದು ಅಪೊಲೊ-17ರಿಂದ ತೆಗೆದ ಇಡೀ ಭೂಗೋಲದ ಚಿತ್ರಕ್ಕೂ ಇದೇ ಗತಿ. ಮೂಲದಲ್ಲಿ ದಕ್ಷಿಣ ಧ್ರುವ ಮೇಲಿದೆ. ನಾವು ನೋಡುತ್ತ ಬಂದದ್ದು ತಲೆಕೆಳಗು ಮಾಡಿದ ಪ್ರತಿ. ಮನುಷ್ಯ ಚಂದ್ರನವರೆಗೆ ಹೋದರೂ ಭೂದೃಶ್ಯ ಚಿತ್ರದ ಹಳೆಯ ರೂಢಿ ಅವನ ಜೊತೆಗೇ ಹೋಗಿತ್ತು.

ನಮ್ಮ ಪಠ್ಯಪುಸ್ತಕಗಳನ್ನು ರೂಪಿಸುವವರಲ್ಲಿ ಒಂದು ವಿನಂತಿ: ಈ ಎರಡು ಚಿತ್ರಗಳನ್ನು ಅಚ್ಚು ಹಾಕುವಾಗ, ತೆಗೆದಾಗ ಇದ್ದ ರೂಪವನ್ನೂ ಪಕ್ಕದಲ್ಲಿ ಕೊಡಿ. ಬಾಹ್ಯಾಕಾಶದಲ್ಲಿ ಮೇಲು ಕೆಳಗಿಲ್ಲವೆಂದು ಪಾಠ ಹೇಳುವ ಮೊದಲೇ ಮಕ್ಕಳು ಅದನ್ನು ಕಣ್ಣಾರೆ ಕಾಣುತ್ತಾರೆ.