ಬಾಲದ ಸ್ನಾಯುವಿಗೂ ಒಂದು ಚರಿತ್ರೆ



ನೀವು ಅಜ್ಜಂಪುರದ ಕಡೆಯವರಾದರೆ ಅಮೃತಮಹಲ್ ದನಗಳನ್ನು ನೋಡಿಯೇ ಇರುತ್ತೀರಿ. ಮೈಸೂರು ಅರಸರ ಬೆಣ್ಣೆ ಚಾವಡಿಯ ಈ ತಳಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆದು ಸೈನ್ಯದ ಬಂಡಿಗಳನ್ನು ಎಳೆಯಿತು. ಅದರ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲಿದೆ. ಎಲ್ಲರೂ ಆ ದನಗಳ ಕೊಂಬನ್ನು ನೋಡುತ್ತಾರೆ. ನೀವು ಒಮ್ಮೆ ಬಾಲವನ್ನು ನೋಡಿ. ಬಾಲವನ್ನು ಕೆಳಕ್ಕೆಳೆದು ಒತ್ತಿಹಿಡಿಯಲು ಸೊಂಟದ ಮೂಳೆಯಿಂದ ಬಾಲದ ಬುಡಕ್ಕೆ ಹೋಗುವ ಸ್ನಾಯುಗಳುಂಟು. ಅದೇ ಗುಂಪಿನ ಸ್ನಾಯುಗಳು ನಮ್ಮಲ್ಲೂ ಇವೆ. ನಮಗೆ ಬಾಲವಿಲ್ಲ, ಮೇಲಾಗಿ ನಾವು ಎದ್ದು ನಿಂತವರು, ಒಳಗಿನ ಅಂಗಗಳ ಭಾರವೆಲ್ಲ ಕೆಳಕ್ಕೇ. ಹೀಗಾಗಿ ಬಾಲದ ಸ್ನಾಯು ನಮ್ಮಲ್ಲಿ ಹೊಟ್ಟೆಯ ನೆಲಗಟ್ಟಾಯಿತು. ಮಲಮೂತ್ರಗಳನ್ನು ತಡೆದು ಹಿಡಿಯುವ ಕೆಲಸವೂ ಅದರ ಪಾಲಿಗೆ ಬಂತು.

ಈ ನೆಲಗಟ್ಟಿನ ಬೆಲೆ ತಿಳಿಯುವುದು ಮುಪ್ಪಿನಲ್ಲಿ. ಗಂಡಸರ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ನೆಲ್ಲಿಕಾಯಿ ಗಾತ್ರದ ಪ್ರಾಸ್ಟೇಟ್ ಗ್ರಂಥಿ ಇದೆ. ಕ್ಯಾನ್ಸರ್ ಆದಾಗ ಅದನ್ನು ಪೂರ್ತಿಯಾಗಿ ತೆಗೆಯುವುದುಂಟು. 1904ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಹ್ಯೂ ಹ್ಯಾಂಪ್ಟನ್ ಯಂಗ್ ಈ ಶಸ್ತ್ರಚಿಕಿತ್ಸೆ ಮಾಡಿದರು. ಅದೇ ಊರಿನಲ್ಲಿ 1982ರಲ್ಲಿ ಪ್ಯಾಟ್ರಿಕ್ ವಾಲ್ಷ್ ನರಗಳನ್ನು ಉಳಿಸುವ ವಿಧಾನ ತಂದರು. ಗ್ರಂಥಿಯೊಡನೆ ಮೂತ್ರ ತಡೆಯುವ ಒಳಗಿನ ಬಿಗಿತವೂ ಬಹುಮಟ್ಟಿಗೆ ಹೋಗುತ್ತದೆ. ಉಳಿಯುವುದು ಹೊರಗಿನ ಬಿಗಿಸ್ನಾಯು ಮತ್ತು ಈ ನೆಲಗಟ್ಟು. ಅವು ಹೊಸ ಹೊರೆಗೆ ಒಗ್ಗುವವರೆಗೆ ಕೆಮ್ಮಿದರೆ, ಸೀನಿದರೆ, ಕುರ್ಚಿಯಿಂದ ಎದ್ದರೆ ಮೂತ್ರ ಸೋರುತ್ತದೆ. ಜೀವ ಉಳಿದ ಅಜ್ಜ ಬಸ್ಸು ಹತ್ತುವುದನ್ನು ಬಿಡುತ್ತಾನೆ, ಮದುವೆಮನೆಗೆ ಬರುವುದಿಲ್ಲ. ಕೇಳಿದರೆ ಮಂಡಿನೋವು ಎನ್ನುತ್ತಾನೆ.

ಇದಕ್ಕೆ ಹೇಳಿಕೊಡುವ ವ್ಯಾಯಾಮದ ಚರಿತ್ರೆ ವಿಚಿತ್ರವಾದುದು. 15ನೇ ಶತಮಾನದ ಹಠಯೋಗ ಪ್ರದೀಪಿಕೆಯಲ್ಲಿ ಮೂಲಬಂಧವಿದೆ: ಹಿಮ್ಮಡಿಯಿಂದ ಗುದದ ಮುಂಭಾಗವನ್ನು ಒತ್ತಿ, ಗುದವನ್ನು ಸಂಕೋಚಿಸಿ ಮೇಲಕ್ಕೆಳೆಯುವುದು. ಘೇರಂಡ ಸಂಹಿತೆಯ ಅಶ್ವಿನೀ ಮುದ್ರೆಗೆ ಕುದುರೆಯದೇ ಹೆಸರು. ನಮ್ಮ ನಾಡಿನಲ್ಲಿ ಕೃಷ್ಣಮಾಚಾರ್ಯರು ಮೈಸೂರಿನಲ್ಲಿ ಯೋಗ ಕಲಿಸುತ್ತ 1934ರಲ್ಲಿ ಕನ್ನಡದಲ್ಲೇ ‘ಯೋಗ ಮಕರಂದ’ ಪ್ರಕಟಿಸಿದರು. ಅವರ ಶಿಷ್ಯ, ಹಾಸನದ ಕೌಶಿಕ ಗ್ರಾಮದ ಪಟ್ಟಾಭಿ ಜೋಯಿಸರು ಮೂಲಬಂಧಕ್ಕೆ ಬಹಳ ಮಹತ್ವ ಕೊಟ್ಟರು. ಹಾಗಾದರೆ ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳೋಣವೇ? ನಾನು ಅಷ್ಟು ದೂರ ಹೋಗಲಾರೆ. ಯೋಗಿಯ ಗುರಿ ಪ್ರಾಣವನ್ನು ಮೇಲೇರಿಸುವುದಾಗಿತ್ತು, ಮೂತ್ರ ತಡೆಯುವುದಲ್ಲ.

ಅತ್ತ ಲಾಸ್ ಏಂಜಲಿಸ್‌ನಲ್ಲಿ ಆರ್ನಾಲ್ಡ್ ಕೆಗೆಲ್ ಎಂಬ ಸ್ತ್ರೀರೋಗ ತಜ್ಞರು 1948ರಲ್ಲಿ, ಹೆರಿಗೆಯಿಂದ ಸಡಿಲವಾದ ಇದೇ ಸ್ನಾಯುಗಳಿಗೆ ವ್ಯಾಯಾಮ ಸೂಚಿಸಿ ಲೇಖನ ಬರೆದರು. ಅವರ ನಿಜವಾದ ಜಾಣತನ ವ್ಯಾಯಾಮಕ್ಕಿಂತ ಒಂದು ಉಪಕರಣದಲ್ಲಿತ್ತು. ಕಾಣದ ಸ್ನಾಯುವನ್ನು ಬಿಗಿಯಿರಿ ಎಂದರೆ ಜನ ಹೊಟ್ಟೆಯನ್ನೋ ಪೃಷ್ಠವನ್ನೋ ಬಿಗಿಯುತ್ತಾರೆ. ಕೆಗೆಲ್ ಒತ್ತಡ ಅಳೆಯುವ ಮಾಪಕ ಮಾಡಿ, ಸರಿಯಾಗಿ ಬಿಗಿದಾಗ ಮುಳ್ಳು ಏರುವುದನ್ನು ರೋಗಿಗೇ ತೋರಿಸಿದರು.

ನೋಡಿ, ಇಲ್ಲಿ ಯೋಗಿಗಳ ವಿದ್ಯೆ, ಅಲ್ಲಿ ಬಾಣಂತಿಯರ ವ್ಯಾಯಾಮ. ‘ಹೆಂಗಸರದ್ದು’ ಎಂಬ ಹಣೆಪಟ್ಟಿ ಹೊತ್ತ ಆ ವ್ಯಾಯಾಮ ಮುದುಕರ ಬಳಿ ಬರಲು ದಶಕಗಳೇ ಹಿಡಿದವು. 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬೆಲ್ಜಿಯಮ್ಮಿನ ಲ್ಯೂವೆನ್‌ನ ವೈದ್ಯರು ಪ್ರಾಸ್ಟೇಟ್ ತೆಗೆಸಿಕೊಂಡ 102 ಮಂದಿಯನ್ನು ಪರೀಕ್ಷಿಸಿದರು. ಮೂರು ತಿಂಗಳಲ್ಲಿ ವ್ಯಾಯಾಮ ಕಲಿತವರಲ್ಲಿ ಶೇಕಡಾ 88, ಉಳಿದವರಲ್ಲಿ ಶೇಕಡಾ 56 ಮಂದಿಗೆ ಹತೋಟಿ ಮರಳಿತ್ತು. ಆದರೆ 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ಬೇರೆಯೇ ಹೇಳಿತು: ತಜ್ಞರ ಬಳಿ ಕಲಿತವರಲ್ಲಿ ಶೇಕಡಾ 76, ಕಲಿಯದವರಲ್ಲಿ ಶೇಕಡಾ 77 ಮಂದಿಗೆ ವರ್ಷದ ನಂತರವೂ ಅಲ್ಪಸ್ವಲ್ಪವಾದರೂ ಸೋರಿಕೆ ಇತ್ತು. ಆದ್ದರಿಂದ ಇದನ್ನು ರಾಮಬಾಣ ಎನ್ನುವಂತಿಲ್ಲ. ಖರ್ಚಿಲ್ಲದ, ಸರಿಯಾಗಿ ಮಾಡಿದರೆ ಹಾನಿಯಿಲ್ಲದ, ಬೇಗ ಚೇತರಿಸಲು ಹಲವರಿಗೆ ನೆರವಾಗಬಹುದಾದ ಉಪಾಯ ಎನ್ನಬಹುದು.

ಮಾಡುವ ಕ್ರಮ ಕೇಳಿ. ಮನೆಯಲ್ಲಿ ಅಗತ್ಯವಿದ್ದವರಿಗೆ ನೀವೇ ಓದಿ ಹೇಳಬೇಕಾಗಬಹುದು. ಮೂತ್ರಕ್ಕೆ ಹಾಕಿದ ನಳಿಕೆ ತೆಗೆಯುವವರೆಗೆ ಬೇಡ. ಆಮೇಲೂ ಶಸ್ತ್ರವೈದ್ಯರನ್ನು ಕೇಳಿಯೇ ಆರಂಭ. ಅಪಾನವಾಯುವನ್ನು ತಡೆಯುವಂತೆ ಬಿಗಿದು ಮೇಲಕ್ಕೆಳೆಯಬೇಕು. ಸರಿಯಾಗಿ ಆದರೆ ಶಿಶ್ನದ ಬುಡ ಒಳಕ್ಕೆ ಸರಿದು ವೃಷಣಗಳು ತುಸು ಮೇಲೇಳುತ್ತವೆ. ಗಂಡಸರಿಗೆ ಕೆಗೆಲ್‌ರ ಮಾಪಕ ಬೇಕಿಲ್ಲ, ಕನ್ನಡಿಯೇ ಸಾಕು! ಮೊದಲಿಗೆ ಮೂರ್ನಾಲ್ಕು ಸೆಕೆಂಡು ಹಿಡಿದು, ಅಷ್ಟೇ ಹೊತ್ತು ಪೂರ್ತಿ ಸಡಿಲಿಸಬೇಕು. ಕ್ರಮೇಣ ಹತ್ತು ಸೆಕೆಂಡಿನವರೆಗೆ. ಒಮ್ಮೆಗೆ ಹತ್ತು ಸಲ, ದಿನಕ್ಕೆ ಮೂರು ಬಾರಿ. ಉಸಿರು ಕಟ್ಟಬಾರದು. ಮೂತ್ರ ಮಾಡುವಾಗ ನಡುವೆ ನಿಲ್ಲಿಸಿ ಅಭ್ಯಾಸ ಮಾಡುವುದೂ ಒಳ್ಳೆಯದಲ್ಲ. ಮಲಗಿ ಕಲಿತದ್ದನ್ನು ಕುಳಿತು, ನಿಂತು ಮಾಡಬೇಕು. ಕೊನೆಗೆ ಕೆಮ್ಮು ಬರುವ ಮುನ್ನ, ಕುರ್ಚಿಯಿಂದ ಏಳುವ ಮುನ್ನ, ಬಸ್ಸಿನ ಮೆಟ್ಟಿಲ ಮೇಲೆ ಕಾಲಿಡುವ ಮುನ್ನ ಅದು ತಾನಾಗಿ ಬಿಗಿಯುವಂತಾಗಬೇಕು.