ಕೆಂಪು ಕೋಟಿನ ವಿನೋದಗಾರರು

ದುಡಿಮೆಯನ್ನು ಕಲಿಯಬೇಕು, ವಿರಾಮವನ್ನು ಯಾರೂ ಕಲಿಸಬೇಕಾಗಿಲ್ಲ ಎಂಬುದು ಸಾಮಾನ್ಯವಾದ ನಂಬಿಕೆ. ಇಂಗ್ಲೆಂಡಿನ ಕಡಲತೀರದ ರಜಾ ಶಿಬಿರಗಳ ಚರಿತ್ರೆಯನ್ನು ನೋಡಿದರೆ ಈ ನಂಬಿಕೆ ಅಷ್ಟು ಗಟ್ಟಿಯಾದುದಲ್ಲವೆಂದು ತೋರುತ್ತದೆ. ರಜೆಯನ್ನು ಸಂತೋಷವಾಗಿ ಕಳೆಯುವುದು ಹೇಗೆಂದು ಜನರಿಗೆ ತೋರಿಸಿಕೊಡಲು ಅಲ್ಲಿ ಸಂಬಳದ ನೌಕರರ ಒಂದು ವರ್ಗವೇ ಹುಟ್ಟಿಕೊಂಡಿತು. ಅವರೇ ‘ರೆಡ್‌ಕೋಟ್’ಗಳು, ಎಂದರೆ ಕೆಂಪು ಕೋಟಿನವರು.

ಈ ಬಗೆಯ ಶಿಬಿರಗಳಿಗೆ ಹೆಸರು ತಂದವರು ಬಿಲ್ಲಿ ಬಟ್ಲಿನ್. ೧೮೯೯ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನಿನಲ್ಲಿ ಹುಟ್ಟಿದ ಇವರ ವ್ಯಾಪಾರ ಮೊದಲಾದದ್ದು ಇಂಗ್ಲೆಂಡಿನ ಜಾತ್ರೆಗಳಲ್ಲಿ, ಬಳೆ ಎಸೆದು ಬಹುಮಾನ ಗೆಲ್ಲುವ ಆಟದ ಒಂದು ಅಂಗಡಿಯಿಂದ. ಆ ಕಾಲದಲ್ಲಿ ಸಮುದ್ರತೀರಕ್ಕೆ ಬಂದ ಸಾಧಾರಣ ಕುಟುಂಬಗಳು ಬಾಡಿಗೆಯ ವಸತಿಮನೆಗಳಲ್ಲಿ ಇಳಿದುಕೊಳ್ಳುತ್ತಿದ್ದವು. ಬೆಳಗಿನ ಉಪಾಹಾರವಾದೊಡನೆ ಮನೆಯೊಡತಿ ಅತಿಥಿಗಳನ್ನು ಹೊರಗೆ ಕಳುಹಿಸುವಳು. ಮುಂದಿನ ಊಟದ ಹೊತ್ತಿನವರೆಗೂ ಅವರು ಮರಳಿ ಬರುವಂತಿಲ್ಲ. ವೇಲ್ಸಿನ ಬ್ಯಾರಿ ದ್ವೀಪದಲ್ಲಿ ಹೀಗೆ ಮಳೆಯಲ್ಲಿ ಅಲೆಯುತ್ತಿದ್ದವರನ್ನು ಕಂಡಾಗ ಶಿಬಿರದ ಯೋಚನೆ ಮೊಳೆಯಿತೆಂದು ಬಟ್ಲಿನ್ನರು ಹೇಳಿಕೊಂಡಿದ್ದಾರೆ. ೧೯೩೬ರ ಏಪ್ರಿಲ್ ೧೧ರಂದು ಸ್ಕೆಗ್‌ನೆಸ್ ಎಂಬಲ್ಲಿ ಅವರ ಮೊದಲ ಶಿಬಿರ ತೆರೆಯಿತು. ಒಂದು ವಾರದ ಕೂಲಿಗೆ ಒಂದು ವಾರದ ರಜೆ ಎಂಬುದೇ ಅವರ ಪ್ರಚಾರ. ವಸತಿ, ಮೂರು ಹೊತ್ತಿನ ಊಟ, ವಿನೋದ ಎಲ್ಲವೂ ಅದರಲ್ಲಿ ಸೇರಿದ್ದವು.

ಆದರೆ ಬಂದ ಜನ ನಗಲಿಲ್ಲ. ಈಜುಕೊಳವಿದ್ದಿತು, ಆಟದ ಬಯಲಿದ್ದಿತು. ಅತಿಥಿಗಳು ಮಾತ್ರ ಒಬ್ಬರನ್ನೊಬ್ಬರು ಮಾತನಾಡಿಸದೆ ತಮ್ಮ ತಮ್ಮ ಗುಂಪಿನಲ್ಲಿಯೇ ಕುಳಿತಿದ್ದರು. ಬಟ್ಲಿನ್ನರು ಶಿಬಿರದ ಕೆಲಸದಲ್ಲಿದ್ದ ಎಂಜಿನಿಯರ್ ನಾರ್ಮನ್ ಬ್ರಾಡ್‌ಫರ್ಡ್ ಅವರನ್ನು ಕರೆದು, ಈ ಜನರನ್ನು ಸ್ವಲ್ಪ ಹುರುಪುಗೊಳಿಸಿ ಎಂದರು. ಅವರು ಒಂದಿಷ್ಟು ಹಾಸ್ಯ ಹೇಳಿದರು, ಜನರನ್ನು ಆಟಕ್ಕೆಳೆದರು, ಸಭೆ ಕಳೆಗಟ್ಟಿತು. ಬೇಗನೆ ಅವರ ಮೈಮೇಲೆ ಕೆಂಪು ಕೋಟು ಬಂದಿತು. ಹೊಸದೊಂದು ವೃತ್ತಿ ಹುಟ್ಟಿದ್ದು ಹೀಗೆ.

ಈ ವೃತ್ತಿ ಹೊರಗಿನಿಂದ ಕಾಣುವಷ್ಟು ಹಗುರವಾದುದಲ್ಲ. ಬೆಳಿಗ್ಗೆ ಧ್ವನಿವರ್ಧಕದಲ್ಲಿ ‘ರೇಡಿಯೊ ಬಟ್ಲಿನ್’ ಶಿಬಿರವನ್ನು ಎಬ್ಬಿಸುತ್ತಿತ್ತು. ರಾತ್ರಿ ನೃತ್ಯ ಮುಗಿಯುವವರೆಗೂ ಕೆಂಪು ಕೋಟಿನವರಿಗೆ ಬಿಡುವಿಲ್ಲ. ಊಟದಲ್ಲಿ ಅತಿಥಿಗಳ ನಡುವೆ ಕೂರಬೇಕು; ಯಾರೂ ಕರೆಯದೆ ಗೋಡೆಯ ಬಳಿ ನಿಂತವರನ್ನು ಕುಣಿತಕ್ಕೆ ಕರೆಯಬೇಕು; ಮಕ್ಕಳನ್ನು ಆಡಿಸಬೇಕು. ಅತಿಥಿಗಳನ್ನು ಕೆಂಟ್, ಗ್ಲೌಸ್ಟರ್ ಮುಂತಾದ ಪಂಗಡಗಳಾಗಿ ವಿಂಗಡಿಸಿ ಸ್ಪರ್ಧೆ ಹೂಡುತ್ತಿದ್ದರು. ಗಂಡಸರಲ್ಲಿ ಯಾರ ಮೊಣಕಾಲು ಹೆಚ್ಚು ಗಂಟುಗಂಟಾಗಿದೆ, ಅಜ್ಜಿಯರಲ್ಲಿ ಯಾರು ಹೆಚ್ಚು ಸೊಗಸುಗಾತಿ ಎಂಬ ಪಂದ್ಯಗಳೂ ಉಂಟು! ವರ್ಷವೆಲ್ಲ ಗಿರಣಿಯಲ್ಲಿ ದುಡಿದವನಿಗೆ ಇರುವುದು ಇದೊಂದೇ ವಾರ. ಅವನೆದುರಿನಲ್ಲಿ ಕೆಂಪು ಕೋಟಿನವನು ತನ್ನ ಬೇಸರವನ್ನು ತೋರಿಸುವುದು ಹೇಗೆ?

೧೯೩೮ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ಸಂಬಳಸಹಿತ ರಜೆಯ ಕಾಯಿದೆಯನ್ನು ಮಾಡಿತು. ಅದರ ಫಲ ಜನರಿಗೆ ಪೂರ್ತಿಯಾಗಿ ದೊರೆಯುವ ಮೊದಲೇ ಯುದ್ಧ ಬಂದಿತು. ಸ್ಕೆಗ್‌ನೆಸ್ ಶಿಬಿರ ನೌಕಾಪಡೆಯ ತರಬೇತಿ ಕೇಂದ್ರವಾಯಿತು. ರಜಾ ಶಿಬಿರವೆಂದರೆ ಬಣ್ಣ ಬಳಿದ ಸೈನ್ಯದ ಪಾಳೆಯವೆಂದು ಹಂಗಿಸುವವರಿಗೆ ಇದೊಂದು ಸಾಕ್ಷಿಯೇ ಸರಿ. ಕಟ್ಟಡಗಳೇನೋ ಎರಡಕ್ಕೂ ಒದಗಿದವು. ಪಾಳೆಯವನ್ನು ರಜಾ ಶಿಬಿರವಾಗಿಸಿದ್ದು ಗೋಡೆಗಳಲ್ಲ, ಅದರೊಳಗೆ ಓಡಾಡಿದ ಆ ಕೆಂಪು ಕೋಟುಗಳು.

ಯುದ್ಧಾನಂತರದ ವರ್ಷಗಳು ಅವರ ಸುಗ್ಗಿಯ ಕಾಲ. ರಂಗದ ಕನಸು ಹೊತ್ತ ತರುಣರು ಈ ಕೆಲಸಕ್ಕೆ ಬಂದರು. ಡೆಸ್ ಓ’ಕಾನರ್, ಡೇವ್ ಆಲನ್, ಜಿಮ್ಮಿ ಟಾರ್ಬಕ್ ಇಲ್ಲಿಂದಲೇ ಮೇಲೇರಿ ಪ್ರಸಿದ್ಧರಾದರು. ಮೇಲೇರದೆ ಉಳಿದವರ ಸಂಖ್ಯೆಯೇ ದೊಡ್ಡದು. ಅವರ ಕಥೆಯನ್ನು ಹೇಳಿದವರು ಜಿಮ್ಮಿ ಪೆರಿ. ಪುಲ್‌ಹೆಲಿಯ ಶಿಬಿರದಲ್ಲಿ ತಾವೇ ಕೆಂಪು ಕೋಟು ತೊಟ್ಟು ದುಡಿದ ನೆನಪುಗಳಿಂದ, ಡೇವಿಡ್ ಕ್ರಾಫ್ಟ್ ಅವರೊಡನೆ ‘ಹೈ-ಡಿ-ಹೈ’ ಎಂಬ ಹಾಸ್ಯಮಾಲೆಯನ್ನು ಅವರು ಬರೆದರು. ೧೯೮೦ರಿಂದ ೧೯೮೮ರವರೆಗೆ ಬಿ.ಬಿ.ಸಿ. ಅದನ್ನು ಟೆಲಿವಿಷನ್ನಿನಲ್ಲಿ ತೋರಿಸಿತು. ಅಲ್ಲಿ ಕೋಟಿನ ಬಣ್ಣ ಹಳದಿ. ಮಕ್ಕಳನ್ನು ಕಂಡರಾಗದ ಬೊಂಬೆಯಾಟದವನು, ಹಳೆಯ ಕೀರ್ತಿಯನ್ನೇ ಮೆಲುಕುಹಾಕುವ ನೃತ್ಯದ ದಂಪತಿಗಳು ಅದರಲ್ಲಿದ್ದಾರೆ. ಕೋಣೆ ಗುಡಿಸುವ ಪೆಗ್ಗಿಗೆ ಆ ಹಳದಿ ಕೋಟೇ ಜನ್ಮದ ಹಂಬಲ. ನೋಡಿ ನಗುತ್ತ ನಗುತ್ತ ಮನಸ್ಸು ಭಾರವಾಗುತ್ತದೆ.

ಆ ಮಾಲೆ ಬರುವ ಹೊತ್ತಿಗೆ ಆ ಲೋಕ ಇಳಿಮುಖವಾಗಿದ್ದಿತು. ವಿಮಾನದಲ್ಲಿ ಸ್ಪೇನಿನ ಬಿಸಿಲಿಗೆ ಹೋಗುವುದು ಅಗ್ಗವಾಗಿದ್ದಿತು. ಬಟ್ಲಿನ್ನರು ೧೯೮೦ರಲ್ಲಿ ತೀರಿಕೊಂಡರು. ಫೈಲಿ ಮತ್ತು ಕ್ಲ್ಯಾಕ್ಟನ್ ಶಿಬಿರಗಳು ೧೯೮೩ರಲ್ಲಿ ಮುಚ್ಚಿದವು. ಸ್ಕೆಗ್‌ನೆಸ್, ಮೈನ್‌ಹೆಡ್, ಬಾಗ್ನರ್ ರೀಜಿಸ್ ಎಂಬ ಮೂರೆಡೆಗಳಲ್ಲಿ ಇಂದಿಗೂ ಬಟ್ಲಿನ್ ಹೆಸರಿದೆ, ಕೆಂಪು ಕೋಟೂ ಇದೆ.

ರಜೆಯ ಹಕ್ಕನ್ನು ಕಾಯಿದೆ ಕೊಡಬಲ್ಲುದು. ರಜೆಯ ಉಲ್ಲಾಸವನ್ನು ಮನುಷ್ಯನೇ ಮನುಷ್ಯನಿಗೆ ಕೊಡಬೇಕು. ತಮ್ಮ ಬೇಸಗೆಗಳನ್ನೆಲ್ಲ ದುಡಿಮೆಗೆ ತೆತ್ತು ಪರರ ಒಂದು ವಾರವನ್ನು ಬೆಳಗಿದವರ ಹೆಸರುಗಳು ಚರಿತ್ರೆಯ ಪುಟಗಳಲ್ಲಿ ಹೆಚ್ಚಾಗಿ ಸಿಕ್ಕವು. ದುಡಿಯುವ ಜನ ನಗಲು ಕಲಿತ ಚರಿತ್ರೆಯಲ್ಲಿ ಅವರ ಪಾಲಂತೂ ಸಣ್ಣದಲ್ಲ.